ಕಣ್ವದ ಸೊಪ್ಪು, ರೇಷ್ಮೆಹುಳು, ಗಂಟುರೋಗ: ರೈಬೋಸೋಮ್ ಪ್ರೋಟೀನ್ ಹೋಲಿಸುವ ಬಗೆ

ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗುವ ರೇಷ್ಮೆಗೂಡು ನೂರಾರು ಮೀಟರ್ ಉದ್ದದ ಒಂದೇ ಒಂದು ಪ್ರೋಟೀನ್ ಎಳೆ. ಎಳೆಯ ತಿರುಳಾದ ಫೈಬ್ರೊಯಿನ್‌ನ ದೊಡ್ಡ ಸರಪಳಿಯಲ್ಲಿ 5,263 ಅಮೈನೋ ಆಮ್ಲಗಳು ಸಾಲಾಗಿ ಕೂತಿವೆ. ಹುಳು ನಾಲ್ಕನೇ ಜ್ವರದಿಂದ ಎದ್ದು ಹಣ್ಣಾಗುವವರೆಗಿನ ಕೆಲವೇ ದಿನಗಳಲ್ಲಿ ಅದರ ರೇಷ್ಮೆ ಗ್ರಂಥಿ ಇಂಥ ಸರಪಳಿಗಳನ್ನು ಲೆಕ್ಕವಿಲ್ಲದಷ್ಟು ಹೆಣೆಯುತ್ತದೆ. ಆ ಹೆಣಿಗೆಯ ಕೆಲಸ ರೈಬೋಸೋಮಿನದು. ಹುಳು ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲೂ ರೈಬೋಸೋಮ್ ಇದೆ, ಹುಳುವನ್ನು ಕೊಲ್ಲುವ ಗಂಟುರೋಗದ ಕಣದಲ್ಲೂ ಇದೆ, ಗೂಡು ತಂದ ರೈತನ ಮೈಯಲ್ಲೂ ಇದೆ.

ಎಲ್ಲ ಜೀವಿಗಳಲ್ಲೂ ಇರುವ ಈ ಯಂತ್ರದ ಬಿಡಿಭಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾರಿಗೆ ಯಾರು ನೆಂಟರು ಎಂಬುದು ತಿಳಿಯುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ. ಇಂಟರ್‌ನೆಟ್ ಇರುವ ಒಂದು ಲ್ಯಾಪ್‌ಟಾಪ್ ಮತ್ತು ಒಂದು ಮಧ್ಯಾಹ್ನ ಸಾಕು. ಚನ್ನಪಟ್ಟಣದಲ್ಲೋ ಮಾಗಡಿಯಲ್ಲೋ ಪಿಯುಸಿ ವಿಜ್ಞಾನ ಓದುವ ಹುಡುಗಿ, ಕನಕಪುರದ ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರು, ರೇಷ್ಮೆ ಕೃಷಿ ಪದವಿಯ ವಿದ್ಯಾರ್ಥಿ, ಯಾರು ಬೇಕಾದರೂ ಮಾಡಬಹುದು. ಆದರೆ ಎಡವುವ ಜಾಗಗಳು ಕೆಲವು ಇವೆ. ಕಂಪ್ಯೂಟರ್ ಕೊಡುವ ಶೇಕಡಾವಾರು ಅಂಕಿಯನ್ನೇ ನಂಬಿ ಕೂತರೆ ತಪ್ಪು ನೆಂಟಸ್ತನ ಕಟ್ಟಿಬಿಡುವ ಅಪಾಯ ಉಂಟು.

ರೈಬೋಸೋಮಿನಲ್ಲಿ ಆರ್‌ಎನ್‌ಎ ಮತ್ತು ಪ್ರೋಟೀನ್ ಎರಡೂ ಇವೆ. ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿಯ ರೈಬೋಸೋಮಿನಲ್ಲಿ 54 ಪ್ರೋಟೀನ್‌ಗಳು, ಯೀಸ್ಟಿನಲ್ಲಿ 79, ಮನುಷ್ಯನಲ್ಲಿ 80. 2002ರಲ್ಲಿ 66 ಜೀವಿಗಳ ಜೀನೋಮುಗಳನ್ನು ಜಾಲಾಡಿದ ಅಧ್ಯಯನವೊಂದು ಬ್ಯಾಕ್ಟೀರಿಯಾ, ಆರ್ಕಿಯಾ ಮತ್ತು ನಮ್ಮಂಥ ಕೋಶಕೇಂದ್ರವುಳ್ಳ ಜೀವಿಗಳು ಮೂರಕ್ಕೂ ಸಮಾನವಾದ 34 ಪ್ರೋಟೀನ್‌ಗಳನ್ನು ಗುರುತಿಸಿತು. ಜೀವವೃಕ್ಷ ಬಿಡಿಸುವವರಿಗೆ ಇವುಗಳ ಮೇಲೆ ಪ್ರೀತಿ ಜಾಸ್ತಿ. 2016ರಲ್ಲಿ ಪ್ರಕಟವಾದ ಹೆಸರಾಂತ ಜೀವವೃಕ್ಷ 3,083 ಜೀವಿಗಳ 16 ರೈಬೋಸೋಮ್ ಪ್ರೋಟೀನ್‌ಗಳನ್ನು ಒಟ್ಟಿಗೆ ಹೋಲಿಸಿ ಕಟ್ಟಿದ್ದು. ಯಂತ್ರದ ಕೆಲಸ ಎಷ್ಟು ನಾಜೂಕು ಎಂದರೆ ಒಂದು ಭಾಗ ಬದಲಾದರೆ ಅದಕ್ಕೆ ತಾಗಿದ ಭಾಗಗಳೆಲ್ಲ ಕೆಡುತ್ತವೆ. ಹಾಗಾಗಿ ಕೋಟ್ಯಂತರ ವರ್ಷ ಕಳೆದರೂ ಈ ಪ್ರೋಟೀನ್‌ಗಳು ಗುರುತು ಸಿಗದಷ್ಟು ಮಾರ್ಪಟ್ಟಿಲ್ಲ.

ಹೋಲಿಕೆಗೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಚನ್ನಪಟ್ಟಣದ ಬಳಿಯ ಕಣ್ವ ಸರ್ಕಾರಿ ರೇಷ್ಮೆ ಫಾರಂನಲ್ಲಿ ಆಯ್ದ ಹಿಪ್ಪುನೇರಳೆ ತಳಿಯೊಂದಿದೆ: ಕಣ್ವ-2. ರೈತರ ಬಾಯಲ್ಲಿ ಅದು ಎಂ-5. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ವಿ-1 ಬಂದ ಮೇಲೆ ತೋಟಗಳಲ್ಲಿ ಅದರ ಜಾಗ ಕುಗ್ಗಿತು. ಆದರೆ ವಿಜ್ಞಾನದ ದಾಖಲೆಯಲ್ಲಿ ಕಣ್ವ-2ಕ್ಕೆ ಬೇರೆಯದೇ ಹೆಸರಿದೆ. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2006ರಲ್ಲಿ ಹಿಪ್ಪುನೇರಳೆಯ ಕ್ಲೋರೋಪ್ಲಾಸ್ಟ್ ಜೀನೋಮನ್ನು ಪೂರ್ತಿಯಾಗಿ ಓದಿ ಪ್ರಕಟಿಸಿದಾಗ ಆರಿಸಿಕೊಂಡದ್ದು ಇದೇ ತಳಿಯನ್ನು. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಆ ಡಿಎನ್‌ಎ ಅಕ್ಷರಗಳ ನಡುವೆ ರೈಬೋಸೋಮ್ ಪ್ರೋಟೀನ್‌ಗಳ ಜೀನ್‌ಗಳೂ ಇವೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು.

ರೇಷ್ಮೆಹುಳುವಿನ ಜೀನೋಮ್ 2004ರಲ್ಲೇ ಹೊರಬಂತು. ಜಪಾನ್ ಮತ್ತು ಚೀನಾದ ತಂಡಗಳು ಬೇರೆ ಬೇರೆಯಾಗಿ ಓದಿ ಪ್ರಕಟಿಸಿದವು. ಟಸರ್, ಮೂಗಾ, ಎರಿ ಹುಳುಗಳ ಜೀನ್ ತುಣುಕುಗಳನ್ನು ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಮತ್ತು ರೋಗನಿದಾನ ಕೇಂದ್ರದಲ್ಲಿ ಜೆ. ನಾಗರಾಜು ಅವರ ತಂಡ ಸಂಗ್ರಹಿಸಿತು. ಗಂಟುರೋಗ ತರುವ ನೊಸೀಮಾ ಬಾಂಬಿಸಿಸ್‌ನ ಜೀನೋಮ್ 2013ರಲ್ಲಿ ಬಂತು. ಅಲ್ಲಿಗೆ ಸೊಪ್ಪು, ಹುಳು, ರೋಗ ಮೂರೂ ಸಿಕ್ಕಂತಾಯಿತು.

ಮೊದಲ ಪ್ರಯತ್ನಕ್ಕೆ ಒಂದೇ ಪ್ರೋಟೀನ್ ಸಾಕು. ಎಸ್-12 ಒಳ್ಳೆಯ ಆಯ್ಕೆ. ಎಸ್ ಎಂದರೆ ರೈಬೋಸೋಮಿನ ಚಿಕ್ಕ ಹೋಳು, ಎಲ್ ಎಂದರೆ ದೊಡ್ಡದು. ಸಂದೇಶದ ಮೂರು ಮೂರು ಅಕ್ಷರಗಳನ್ನು ರೈಬೋಸೋಮ್ ಓದುವ ಜಾಗದಲ್ಲೇ ಎಸ್-12 ಇದೆ. ಇ. ಕೋಲಿಯಲ್ಲಿ ಇದರ ಉದ್ದ 124 ಅಮೈನೋ ಆಮ್ಲ. ಅಷ್ಟು ಚಿಕ್ಕದಾದ್ದರಿಂದ ಅಮೈನೋ ಆಮ್ಲಕ್ಕೊಂದು ಅಕ್ಷರದಂತೆ ಬರೆದ ಪೂರ್ತಿ ಸರಣಿಯನ್ನು ಕಣ್ಣಲ್ಲೇ ಓಡಿಸಿ ನೋಡಬಹುದು.

ಯುನಿಪ್ರಾಟ್ ಎಂಬ ಪ್ರೋಟೀನ್ ಕೋಶವನ್ನು ತೆರೆದು ಇ. ಕೋಲಿಯ ಎಸ್-12 ಹುಡುಕಬೇಕು. ಅದರ ದಾಖಲೆ ಸಂಖ್ಯೆ ಪಿ0ಎ7ಎಸ್3. ಇನ್ನು ಮನುಷ್ಯನದು ಬೇಕು. ಮೊದಲ ಎಡವು ಇಲ್ಲೇ. ಮನುಷ್ಯನ ಎಸ್-12 ಎಂದು ಹುಡುಕಿದರೆ 132 ಅಮೈನೋ ಆಮ್ಲದ ಪ್ರೋಟೀನೊಂದು ಸಿಗುತ್ತದೆ, ಅದಕ್ಕೂ ಬ್ಯಾಕ್ಟೀರಿಯಾದ ಎಸ್-12ಕ್ಕೂ ಯಾವ ಸಂಬಂಧವೂ ಇಲ್ಲ! ಬ್ಯಾಕ್ಟೀರಿಯಾದ ಎಸ್-12ಕ್ಕೆ ಮನುಷ್ಯನಲ್ಲಿ ಇರುವ ನಿಜವಾದ ಸೋದರ ಎಸ್-23. ಅದರ ದಾಖಲೆ ಸಂಖ್ಯೆ ಪಿ62266, ಉದ್ದ 143 ಅಮೈನೋ ಆಮ್ಲ. ದಶಕಗಳ ಹಿಂದೆ ಬೇರೆ ಬೇರೆ ಪ್ರಯೋಗಾಲಯಗಳು ತಂತಮ್ಮ ಜೀವಿಯ ಪ್ರೋಟೀನ್‌ಗಳಿಗೆ ತಮಗೆ ಕಂಡ ಕ್ರಮದಲ್ಲಿ ಸಂಖ್ಯೆ ಕೊಟ್ಟುಕೊಂಡದ್ದರ ಫಲ ಇದು. 2014ರಲ್ಲಿ ವಿಜ್ಞಾನಿಗಳ ಒಂದು ಗುಂಪು ಕೂತು ಹೊಸ ಹೆಸರಿನ ಪದ್ಧತಿ ಮಾಡಿತು. ಬ್ಯಾಕ್ಟೀರಿಯಾ, ಆರ್ಕಿಯಾ, ಕೋಶಕೇಂದ್ರವುಳ್ಳ ಜೀವಿಗಳು ಮೂರಕ್ಕೂ ಸಮಾನವಾದವಕ್ಕೆ ‘ಯು’, ಬ್ಯಾಕ್ಟೀರಿಯಾಕ್ಕೆ ಮಾತ್ರ ಸೇರಿದವಕ್ಕೆ ‘ಬಿ’, ಕೋಶಕೇಂದ್ರವುಳ್ಳ ಜೀವಿಗಳಲ್ಲಿ ಇದ್ದು ಬ್ಯಾಕ್ಟೀರಿಯಾದಲ್ಲಿ ಇಲ್ಲದವಕ್ಕೆ ‘ಇ’ ಎಂಬ ಮುಂಗುರುತು. ಆ ಪ್ರಕಾರ ಬ್ಯಾಕ್ಟೀರಿಯಾದ ಎಸ್-12, ಮನುಷ್ಯನ ಎಸ್-23 ಎರಡೂ ಯುಎಸ್-12. ಮನುಷ್ಯನ ಎಸ್-12 ಮಾತ್ರ ಇಎಸ್-12.

ರೇಷ್ಮೆ ಸಂಶೋಧನೆಯಲ್ಲಿ ಇದೇ ಬಗೆಯ ಇನ್ನೊಂದು ಗೊಂದಲ ದಿನನಿತ್ಯ ಎದುರಾಗುತ್ತದೆ. ಹುಳುವಿನ ಯಾವುದೋ ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆಯುವಾಗ ಅಳತೆಗೋಲಾಗಿ ಬಳಸುವ ಆರ್‌ಪಿ-49 ಎಂಬ ಜೀನ್ ಇದೆ. ಅದರ ಇನ್ನೊಂದು ಹೆಸರು ಎಲ್-32. ಸಸ್ಯಗಳ ಕ್ಲೋರೋಪ್ಲಾಸ್ಟಿನಲ್ಲೂ ಎಲ್-32 ಎಂಬ ಜೀನ್ ಇದೆ. ಎರಡೂ ಒಂದೇ ಎಂದುಕೊಂಡು ಹುಳು ಮತ್ತು ಸೊಪ್ಪಿನ ಎಲ್-32ಗಳನ್ನು ಹೋಲಿಸಿದರೆ ಸಿಗುವುದು ಸೊನ್ನೆ. ಹುಳುವಿನದು ಇಎಲ್-32, ಕ್ಲೋರೋಪ್ಲಾಸ್ಟಿನದು ಬಿಎಲ್-32. ಹೆಸರು ನೋಡಿ ಆರಿಸುವುದಕ್ಕಿಂತ ಸರಣಿ ಕೊಟ್ಟು ಹುಡುಕುವುದೇ ಯಾವತ್ತೂ ಕ್ಷೇಮ.

ಹಾಗೆ ಹುಡುಕುವ ಸಾಧನ ಬ್ಲಾಸ್ಟ್. 1990ರಲ್ಲಿ ಬಂದದ್ದು, ಅಮೆರಿಕದ ಎನ್‌ಸಿಬಿಐ ಕೋಶದಲ್ಲಿ ಪುಕ್ಕಟೆ ಸಿಗುತ್ತದೆ. ಮನುಷ್ಯನ ಎಸ್-23 ಸರಣಿಯನ್ನು ಅಂಟಿಸಿ, ಜೀವಿಯ ಹೆಸರಿನ ಜಾಗದಲ್ಲಿ ಬಾಂಬಿಕ್ಸ್ ಮೋರಿ ಎಂದು ಕೊಟ್ಟು ಗುಂಡಿ ಒತ್ತಿದರೆ ರೇಷ್ಮೆಹುಳುವಿನ ಎಸ್-23 ಎದುರಿಗೆ ಬರುತ್ತದೆ. ಅದೇ ರೀತಿ ನೊಸೀಮಾದ್ದು. ಪ್ರತಿ ಫಲಿತಾಂಶದಲ್ಲಿ ಮೂರು ಅಂಕಿಗಳನ್ನು ಒಟ್ಟಿಗೆ ಓದಬೇಕು: ಎಷ್ಟು ಶೇಕಡಾ ಅಕ್ಷರಗಳು ಒಂದೇ, ಸರಣಿಯ ಎಷ್ಟು ಭಾಗ ಹೊಂದಿಕೆಯಾಗಿದೆ, ಇಷ್ಟು ಒಳ್ಳೆಯ ಹೊಂದಿಕೆಗಳು ಬರೀ ಆಕಸ್ಮಿಕವಾಗಿ ಎಷ್ಟು ಸಿಗಬಹುದು. ಮೂರನೆಯದಕ್ಕೆ ಇ-ವ್ಯಾಲ್ಯೂ ಎನ್ನುತ್ತಾರೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಶೇ. 90 ಎಂದು ಕಂಡರೂ ಹೊಂದಿಕೆಯಾದದ್ದು ಹತ್ತೇ ಅಕ್ಷರ ಆಗಿದ್ದರೆ ಆ ಶೇಕಡಾಕ್ಕೆ ಬೆಲೆಯಿಲ್ಲ. ಸಿಕ್ಕಿದ ಹುಳುವಿನ ಸರಣಿಯನ್ನು ತಿರುಗಿಸಿ ಮನುಷ್ಯನ ಪ್ರೋಟೀನ್‌ಗಳಲ್ಲಿ ಹುಡುಕಿಸಿ, ಮತ್ತೆ ಎಸ್-23ಕ್ಕೇ ಬಂದು ನಿಂತರೆ ಜೋಡಿ ಸರಿ ಎಂದು ಧೈರ್ಯವಾಗಿ ಹೇಳಬಹುದು.

ಸೊಪ್ಪಿನ ವಿಷಯ ಇಷ್ಟು ಸಲೀಸಲ್ಲ. ಹಿಪ್ಪುನೇರಳೆ ಎಲೆಯ ಒಂದೊಂದು ಜೀವಕೋಶದಲ್ಲೂ ಮೂರು ಬಗೆಯ ರೈಬೋಸೋಮುಗಳಿವೆ: ಕೋಶರಸದಲ್ಲಿ ಒಂದು, ಕ್ಲೋರೋಪ್ಲಾಸ್ಟಿನಲ್ಲಿ ಒಂದು, ಮೈಟೋಕಾಂಡ್ರಿಯಾದಲ್ಲಿ ಇನ್ನೊಂದು. ರೇಷ್ಮೆಹುಳುವಿನಲ್ಲಿ ಎರಡು ಬಗೆ. ಯಾವ ಕೋಣೆಯ ಪ್ರೋಟೀನ್ ತೆಗೆದುಕೊಂಡೆವು ಎಂಬುದನ್ನು ಬರೆದಿಟ್ಟುಕೊಳ್ಳದೆ ಮುಂದೆ ಹೋಗುವಂತಿಲ್ಲ. ಕ್ಲೋರೋಪ್ಲಾಸ್ಟಿನ ಎಸ್-12 ಜೀನ್ ಬೇರೆ ಎರಡು ದೂರದ ಜಾಗಗಳಲ್ಲಿ ತುಂಡಾಗಿ ಕೂತಿರುತ್ತದೆ. ಆರ್‌ಎನ್‌ಎ ಹಂತದಲ್ಲಿ ತುಂಡುಗಳು ಕೂಡಿಕೊಳ್ಳುತ್ತವೆ. ಡಿಎನ್‌ಎ ಸರಣಿ ಇಳಿಸಿಕೊಂಡು ತಾನೇ ಅನುವಾದಿಸಹೊರಟರೆ ಅರ್ಧಂಬರ್ಧ ಪ್ರೋಟೀನ್ ಸಿಗುತ್ತದೆ. ಹಾಗಾಗಿ ಮೊರಸ್ ಇಂಡಿಕಾ ಕ್ಲೋರೋಪ್ಲಾಸ್ಟ್ ಜೀನೋಮಿನ ದಾಖಲೆಯಲ್ಲಿ ಸಿದ್ಧವಾಗಿ ಇರುವ ಪ್ರೋಟೀನ್ ಸರಣಿಯನ್ನೇ ತೆಗೆದುಕೊಳ್ಳುವುದು ವಾಸಿ. ಮನುಷ್ಯನ ಡಿಎನ್‌ಎಯಲ್ಲಂತೂ ರೈಬೋಸೋಮ್ ಪ್ರೋಟೀನ್ ಜೀನ್‌ಗಳ ಸತ್ತ ನಕಲುಗಳು ಸುಮಾರು ಎರಡು ಸಾವಿರ ಇವೆ. ಡಿಎನ್‌ಎ ಹುಡುಕಾಟದಲ್ಲಿ ಅವೂ ಮುಂದೆ ಬಂದು ನಿಲ್ಲುತ್ತವೆ.

ಈಗ ಇ. ಕೋಲಿ, ಕಣ್ವ-2ರ ಕ್ಲೋರೋಪ್ಲಾಸ್ಟ್, ಹಿಪ್ಪುನೇರಳೆಯ ಕೋಶರಸದ ಎಸ್-23, ರೇಷ್ಮೆಹುಳು, ನೊಸೀಮಾ, ಯೀಸ್ಟ್, ಮನುಷ್ಯ ಎಂದು ಏಳು ಸರಣಿಗಳು ಒಂದು ಟೆಕ್ಸ್ಟ್ ಫೈಲಿನಲ್ಲಿ ಕೂತವು ಎನ್ನೋಣ. ಪ್ರತಿ ಸರಣಿಯ ತಲೆಬರಹವನ್ನು ಚಿಕ್ಕದಾಗಿ, ಗುರುತು ಸಿಗುವಂತೆ ಬದಲಿಸಿಕೊಳ್ಳಬೇಕು, ಇಲ್ಲವಾದರೆ ಕೊನೆಗೆ ಬರುವ ಚಿತ್ರದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಯುರೋಪಿನ ಇಬಿಐ ಸಂಸ್ಥೆಯ ಕ್ಲಸ್ಟಲ್ ಒಮೇಗಾ ಎಂಬ ಸಾಧನಕ್ಕೆ ಈ ಫೈಲನ್ನು ಕೊಟ್ಟರೆ ಅದು ಸರಣಿಗಳನ್ನು ಒಂದರ ಕೆಳಗೊಂದು ಹೊಂದಿಸಿ, ಬೇಕಾದಲ್ಲಿ ಖಾಲಿ ಜಾಗ ಬಿಟ್ಟು, ಒಂದೇ ಮೂಲದ ಅಕ್ಷರಗಳು ಒಂದೇ ಕಂಬಸಾಲಿಗೆ ಬರುವಂತೆ ಮಾಡುತ್ತದೆ. ಇದಕ್ಕೆ ಅಲೈನ್‌ಮೆಂಟ್ ಎಂದು ಹೆಸರು. ಫೋನಿನ ಪರದೆಯಲ್ಲಿ ಇದು ಓದಲು ಬರುವುದಿಲ್ಲ. ದೊಡ್ಡ ಪರದೆ ಬೇಕು, ಬಣ್ಣ ಹಾಕಿ ನೋಡಲು ಜಾಲ್‌ವ್ಯೂ ಎಂಬ ಉಚಿತ ತಂತ್ರಾಂಶ ಒಳ್ಳೆಯದು.

ಅಲೈನ್‌ಮೆಂಟ್ ಮಾಡದೆ ಹೋಲಿಕೆಯೇ ಇಲ್ಲ ಎಂಬುದಕ್ಕೆ ಒಂದು ಲೈಸಿನ್ ಸಾಕ್ಷಿ. ಇ. ಕೋಲಿಯ ಎಸ್-12ರಲ್ಲಿ 43ನೇ ಅಕ್ಷರ ಲೈಸಿನ್. ಕ್ಷಯದ ಬ್ಯಾಕ್ಟೀರಿಯಾದಲ್ಲೂ ಅದೇ 43. ಆ ಲೈಸಿನ್ ಹೋಗಿ ಆರ್ಜಿನಿನ್ ಬಂದರೆ ಸ್ಟ್ರೆಪ್ಟೊಮೈಸಿನ್ ಔಷಧಕ್ಕೆ ಕ್ಷಯ ಜಗ್ಗುವುದಿಲ್ಲ. ಮನುಷ್ಯನ ಎಸ್-23ರಲ್ಲಿ ಅದೇ ಲೈಸಿನ್ 60ನೇ ಸ್ಥಾನದಲ್ಲಿದೆ. ಬೀದಿಯ ಮೊದಲಲ್ಲಿ ಹೊಸ ಮನೆಗಳು ಎದ್ದಾಗ ಹಳೇ ಮನೆಯ ನಂಬರು ಬದಲಾದ ಹಾಗೆ, ಸರಣಿಯ ತಲೆಯ ಭಾಗ ಉದ್ದವಾಗಿದೆ ಅಷ್ಟೇ. ಲೈಸಿನ್ ದಾಟಿ ಒಂದು ಅಕ್ಷರ ಬಿಟ್ಟು ಪ್ರೋಲಿನ್, ಆಸ್ಪರಜಿನ್, ಸೆರಿನ್, ಅಲನಿನ್ ಎಂಬ ನಾಲ್ಕು ಸಾಲಾಗಿ ಬರುತ್ತವೆ. ಬ್ಯಾಕ್ಟೀರಿಯಾದಲ್ಲೂ ಮನುಷ್ಯನಲ್ಲೂ ಆ ನಾಲ್ಕು ಅಲುಗಾಡಿಲ್ಲ. ಇನ್ನಷ್ಟು ಮುಂದೆ ಪ್ರೋಲಿನ್, ಗ್ಲೈಸಿನ್, ವ್ಯಾಲಿನ್, ಆರ್ಜಿನಿನ್ ಎಂಬ ಇನ್ನೊಂದು ಚತುಷ್ಟಯವೂ ಹಾಗೆಯೇ ಇದೆ. ಇನ್ನುಳಿದ ಕಡೆ ಬ್ಯಾಕ್ಟೀರಿಯಾಕ್ಕೂ ಮನುಷ್ಯನಿಗೂ ಹೊಂದಿಕೆ ತೆಳ್ಳಗಾಗುತ್ತಾ ಹೋಗುತ್ತದೆ. ಯಂತ್ರದ ಹೃದಯಭಾಗ ಉಳಿದು, ಅಂಚುಗಳು ಕಾಲದೊಂದಿಗೆ ಬದಲಾಗಿವೆ ಎಂಬುದನ್ನು ಕಣ್ಣಾರೆ ಕಾಣುವುದು ಹೀಗೆ.

ಎಲ್ಲಕ್ಕಿಂತ ಸ್ವಾರಸ್ಯ ಇರುವುದು ಎಲೆಯಲ್ಲಿ. 1986ರಲ್ಲಿ ಓದಲಾದ ಹೊಗೆಸೊಪ್ಪಿನ ಕ್ಲೋರೋಪ್ಲಾಸ್ಟ್ ಜೀನೋಮನ್ನೇ ತೆಗೆದುಕೊಳ್ಳಿ. ಅದರ ಎಸ್-12ರ ಉದ್ದ 123 ಅಕ್ಷರ. ಇ. ಕೋಲಿಯ ಎಸ್-12ರೊಂದಿಗೆ ಹೊಂದಿಸಿದರೆ ಸುಮಾರು ಶೇ. 70 ಅಕ್ಷರಗಳು ಒಂದೇ. ಕಣ್ವ-2ರದ್ದನ್ನು ಹೊಂದಿಸಿ ನೋಡಿದವರಿಗೂ ಇಂಥದ್ದೇ ಚಿತ್ರ ಸಿಗುತ್ತದೆ. ಅದೇ ಎಲೆಯ ಕೋಶರಸದಲ್ಲಿರುವ ಎಸ್-23 ಮಾತ್ರ ತನ್ನ ಪಕ್ಕದಲ್ಲೇ ಇರುವ ಕ್ಲೋರೋಪ್ಲಾಸ್ಟಿನ ಎಸ್-12ಕ್ಕಿಂತ ರೇಷ್ಮೆಹುಳುವಿನ ಎಸ್-23ಕ್ಕೇ ಹತ್ತಿರ. ಅಂದರೆ ಎಲೆಯ ಒಂದು ರೈಬೋಸೋಮ್ ಬ್ಯಾಕ್ಟೀರಿಯಾ ಕುಲದ್ದು, ಇನ್ನೊಂದು ಹುಳುವಿನ ಕುಲದ್ದು. ಕ್ಲೋರೋಪ್ಲಾಸ್ಟ್ ಎಂಬುದು ಬಹಳ ಹಿಂದೆ ಒಂದು ಜೀವಕೋಶದೊಳಕ್ಕೆ ಬಂದು ನೆಲೆಸಿದ ಸಯನೊಬ್ಯಾಕ್ಟೀರಿಯಾದ ವಂಶ ಎಂಬ ಪಾಠ ಪಿಯುಸಿ ಪುಸ್ತಕದಲ್ಲಿ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಇಲ್ಲಿ ಅದರ ಪುರಾವೆ ಅಕ್ಷರ ಅಕ್ಷರವಾಗಿ ಕಾಣುತ್ತದೆ.

ಇನ್ನೂ ಸಂಶಯ ಇದ್ದವರು ಜೀನ್‌ಗಳ ಸಾಲನ್ನು ನೋಡಬಹುದು. ಸಸ್ಯಗಳ ಕ್ಲೋರೋಪ್ಲಾಸ್ಟಿನಲ್ಲಿ ಸಾಮಾನ್ಯವಾಗಿ ಎಲ್-23, ಎಲ್-2, ಎಸ್-19, ಎಲ್-22, ಎಸ್-3, ಎಲ್-16, ಎಲ್-14, ಎಸ್-8 ಜೀನ್‌ಗಳು ಇದೇ ಕ್ರಮದಲ್ಲಿ ಒಂದರ ಹಿಂದೊಂದು ಇರುತ್ತವೆ. ಇ. ಕೋಲಿಯಲ್ಲೂ, ನಡುನಡುವೆ ಬೇರೆ ಕೆಲವು ಜೀನ್‌ಗಳು ಇವೆ ಎಂಬುದನ್ನು ಬಿಟ್ಟರೆ, ಇದೇ ಕ್ರಮ.

ಗಂಟುರೋಗದ ಕಥೆ ಎಚ್ಚರಿಕೆಗಾಗಿ ಹೇಳಬೇಕಾದ್ದು. 1857ರಲ್ಲಿ ನೇಗೆಲಿ ಈ ಕಣಕ್ಕೆ ನೊಸೀಮಾ ಬಾಂಬಿಸಿಸ್ ಎಂದು ಹೆಸರಿಟ್ಟ. 1865ರಿಂದ ಕೆಲವು ವರ್ಷ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಕೂತು ಲೂಯಿ ಪಾಶ್ಚರ್ ಈ ರೋಗವನ್ನು ಹಿಮ್ಮೆಟ್ಟಿಸುವ ದಾರಿ ಕಂಡುಕೊಂಡ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಕಣ ಕಂಡರೆ ಅದರ ಮೊಟ್ಟೆಯನ್ನು ಸುಡುವುದು. ಆದರೆ ಈ ಜೀವಿ ಯಾವ ಜಾತಿಗೆ ಸೇರಿದ್ದು ಎಂಬುದು ಮಾತ್ರ ಬಹುಕಾಲ ಬಗೆಹರಿಯಲಿಲ್ಲ. 1968ರಲ್ಲಿ ಇಶಿಹಾರಾ ಮತ್ತು ಹಯಾಶಿ ನೊಸೀಮಾ ಬಾಂಬಿಸಿಸ್‌ನ ರೈಬೋಸೋಮನ್ನು ಬೇರ್ಪಡಿಸಿ ಅಳೆದರು. ಅದು ಹುಳುವಿನ 80ಎಸ್ (ಇಲ್ಲಿ ಎಸ್ ಎಂದರೆ ಗಾತ್ರದ ಅಳತೆ) ರೈಬೋಸೋಮಿನಂತೆ ಇರದೆ ಬ್ಯಾಕ್ಟೀರಿಯಾದ 70ಎಸ್ ಗಾತ್ರಕ್ಕೆ ಇಳಿದಿತ್ತು. ಮುಂದೆ 1987ರಲ್ಲಿ ಚಾರ್ಲ್ಸ್ ವಾಸ್‌ಬ್ರಿಂಕ್, ಕಾರ್ಲ್ ವೂಸ್ ಮತ್ತಿತರರು ಇದೇ ಬಳಗದ ವೈರಿಮಾರ್ಫಾ ಎಂಬ ಜೀವಿಯ ರೈಬೋಸೋಮ್ ಆರ್‌ಎನ್‌ಎ ಸರಣಿಯನ್ನು ಹೋಲಿಸಿ, ಇವು ಕೋಶಕೇಂದ್ರವುಳ್ಳ ಜೀವಿಗಳಲ್ಲೇ ಅತಿ ಪುರಾತನ ಕವಲು ಎಂದು ಸೂಚಿಸಿದರು.

ತೀರ್ಮಾನ ನಿಲ್ಲಲಿಲ್ಲ. ಟ್ಯುಬುಲಿನ್ ಮೊದಲಾದ ಬೇರೆ ಪ್ರೋಟೀನ್‌ಗಳನ್ನು ಹೋಲಿಸಿದಾಗ ಈ ಬಳಗ ಶಿಲೀಂಧ್ರಗಳ ಪಕ್ಕ ಹೋಗಿ ಕೂತಿತು. ಪರಾವಲಂಬಿ ಬದುಕಿಗೆ ಒಗ್ಗಿಕೊಂಡ ಈ ಜೀವಿಗಳು ಬೇಡದ್ದನ್ನೆಲ್ಲ ಕಳಚಿಕೊಂಡಿವೆ, ಉಳಿದದ್ದನ್ನು ವೇಗವಾಗಿ ಬದಲಿಸಿಕೊಂಡಿವೆ. ವೇಗವಾಗಿ ಬದಲಾದ ಸರಣಿ ವಂಶವೃಕ್ಷದಲ್ಲಿ ಉದ್ದನೆಯ ಕೊಂಬೆಯಾಗುತ್ತದೆ. ಉದ್ದ ಕೊಂಬೆಗಳು ಸಂಬಂಧ ಇರಲಿ ಬಿಡಲಿ ಒಂದರ ಕಡೆಗೊಂದು, ಬುಡದ ಕಡೆಗೆ ಸರಿಯುವುದು ಇಂಥ ಲೆಕ್ಕಾಚಾರದ ಹಳೆಯ ದೋಷ. ಇದನ್ನು ಜೋಸೆಫ್ ಫೆಲ್ಸನ್‌ಸ್ಟೈನ್ 1978ರಲ್ಲೇ ಗಣಿತದಿಂದ ತೋರಿಸಿದ್ದರು. ಕೊನೆಗೆ 2019ರಲ್ಲಿ ವೈರಿಮಾರ್ಫಾ ರೈಬೋಸೋಮಿನ ರಚನೆ ಪ್ರಕಟವಾಯಿತು. ಕೋಶಕೇಂದ್ರವುಳ್ಳ ಜೀವಿಗಳ ರೈಬೋಸೋಮೇ ತನ್ನ ಆರ್‌ಎನ್‌ಎ ಬಾಲಗಳನ್ನು ಕಳೆದುಕೊಂಡು ಕುಗ್ಗಿರುವುದು ಅಲ್ಲಿ ಸ್ಪಷ್ಟವಾಗಿತ್ತು. ಆ ಲೇಖನದ ಲೇಖಕರಲ್ಲಿ ವಾಸ್‌ಬ್ರಿಂಕ್ ಕೂಡ ಇದ್ದರು. ವಿಜ್ಞಾನದಲ್ಲಿ ಹೀಗಾಗುವುದು ಅಪರೂಪವೇನಲ್ಲ, ಆದರೂ ನೋಡಲು ಚೆನ್ನ.

ಈ ಕಥೆಯಿಂದ ಮನೆಯಲ್ಲಿ ಕೂತು ಹೋಲಿಸುವವರಿಗೆ ಸಿಗುವ ಪಾಠ ನೇರವಾದದ್ದು. ನೊಸೀಮಾ ರೈಬೋಸೋಮ್ ಗಾತ್ರದಲ್ಲಿ ಬ್ಯಾಕ್ಟೀರಿಯಾದ ಹಾಗಿದ್ದರೂ ಅದರ ಎಸ್-23 ಬ್ಲಾಸ್ಟಿನಲ್ಲಿ ಬ್ಯಾಕ್ಟೀರಿಯಾವನ್ನು ಕರೆತರುವುದಿಲ್ಲ. ಹಾಗೆಯೇ ಹುಳುವಿನೊಂದಿಗೆ ಅದರ ಶೇಕಡಾ ಕಡಿಮೆ ಬಂದ ಮಾತ್ರಕ್ಕೆ ಅದು ಪುರಾತನ ಎಂದು ಬರೆಯುವಂತಿಲ್ಲ. ವಂಶವೃಕ್ಷ ಕಟ್ಟಲು ಮೆಗಾ ಎಂಬ ಉಚಿತ ತಂತ್ರಾಂಶ ಇದೆ. ಒಂದೇ ಪ್ರೋಟೀನಿನ ಮರವನ್ನು ಅಭ್ಯಾಸಕ್ಕೆ ಕಟ್ಟಬಹುದು, ತೀರ್ಮಾನಕ್ಕೆ ಹತ್ತಾರು ಪ್ರೋಟೀನ್ ಜೋಡಿಸಲೇಬೇಕು. ಕೊಂಬೆಗಳ ಬುಡದಲ್ಲಿ ಬರುವ ಬೂಟ್‌ಸ್ಟ್ರಾಪ್ ಅಂಕಿ ಕಡಿಮೆ ಇದ್ದರೆ ಆ ಕವಲನ್ನು ನಂಬಬಾರದು.

ಇನ್ನೊಂದು ಸಣ್ಣ ಎಚ್ಚರ: ಹುಳುವಿನ ಮಾದರಿ ತೆಗೆಯುವಾಗ ಹೊಟ್ಟೆಯಲ್ಲಿ ಸೊಪ್ಪು ಇರುತ್ತದೆ, ಬ್ಯಾಕ್ಟೀರಿಯಾ ಇರುತ್ತವೆ, ಕೆಲವೊಮ್ಮೆ ರೋಗಾಣುವೂ ಇರುತ್ತದೆ. ರೇಷ್ಮೆಹುಳು ಎಂಬ ಹಣೆಪಟ್ಟಿಯ ತುಣುಕೊಂದು ಸಸ್ಯಗಳೊಂದಿಗೆ ಶೇ. 95 ಹೊಂದಿದರೆ ಹೊಸ ಸಂಶೋಧನೆ ಎಂದು ಕುಣಿಯುವ ಮೊದಲು ಅದು ಎಲೆಯದೇ ಇರಬಹುದೇ ಎಂದು ನೋಡಬೇಕು.

ಕೈಲಾಗದ್ದನ್ನೂ ಹೇಳಿಬಿಡಬೇಕು. ಮಾಗಡಿ, ಕುಣಿಗಲ್ ಸೀಮೆಯಲ್ಲಿ ಬಿತ್ತನೆಗೆಂದು ಬೆಳೆಯುವ ಶುದ್ಧ ಮೈಸೂರು ತಳಿಯನ್ನೂ ಸಿಎಸ್‌ಆರ್-2ರಂಥ ದ್ವಿತಳಿಯನ್ನೂ ರೈಬೋಸೋಮ್ ಪ್ರೋಟೀನ್‌ನಿಂದ ಬೇರ್ಪಡಿಸಲು ಹೊರಟರೆ ನಿರಾಶೆಯೇ ಗತಿ. ಇಷ್ಟು ಹತ್ತಿರದ ನೆಂಟರ ನಡುವೆ ಈ ಪ್ರೋಟೀನ್‌ಗಳು ಬದಲಾಗುವುದಿಲ್ಲ. ತಳಿ ಗುರುತಿಗೆ ಬೇಗ ಬದಲಾಗುವ ಡಿಎನ್‌ಎ ತುಣುಕುಗಳು ಬೇಕು. ನಾಗರಾಜು ಅವರ ತಂಡ ಅದಕ್ಕೆ ಮೈಕ್ರೋಸ್ಯಾಟಲೈಟ್‌ಗಳನ್ನು ಬಳಸಿತು. ಈ ದಿಕ್ಕಿನಲ್ಲಿ ಮುಂದೆ ಹೋಗುವ ಆಸೆ ಇರುವ ವಿದ್ಯಾರ್ಥಿಗಳಿಗೆ ಕನಕಪುರ ರಸ್ತೆಯ ತಲಘಟ್ಟಪುರದಲ್ಲಿರುವ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಬೆಂಗಳೂರಿನ ಕೊಡತಿಯಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯ ಜೈವಿಕ ತಂತ್ರಜ್ಞಾನ ಪ್ರಯೋಗಾಲಯ ದೂರವೇನಲ್ಲ.

ಹುಳು ಸಾಕುವ ಮನೆಯ ಮಕ್ಕಳು ಈ ಹೋಲಿಕೆ ಮಾಡಿ ನೋಡಲಿ, ಮನೆಯವರಿಗೂ ತೋರಿಸಲಿ. ಆದರೆ ಗಂಟುರೋಗದಿಂದ ಬೆಳೆ ಉಳಿಸುವುದು ಇವತ್ತಿಗೂ ಬಿತ್ತನೆ ಕೋಠಿಯ ತಾಯಿ ಚಿಟ್ಟೆ ಪರೀಕ್ಷೆಯೇ. ಪರೀಕ್ಷೆಯಾಗದ ಮೊಟ್ಟೆಯನ್ನು, ಎಷ್ಟೇ ಅಗ್ಗಕ್ಕೆ ಸಿಕ್ಕರೂ, ಮನೆಗೆ ತರಬೇಡಿ.